ಚಾಮ್‌ಸ್ಕಿ ವಾಕ್ಯ: ಒಂದು ಸ್ಪಷ್ಟನೆ

'ಬಣ್ಣವಿಲ್ಲದ ಹಸಿರು ಯೋಚನೆಗಳು ರೋಷದಿಂದ ನಿದ್ರಿಸುತ್ತವೆ.' ವ್ಯಾಕರಣ ತಪ್ಪಿದ ವಾಕ್ಯಕ್ಕೆ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ಕೊಟ್ಟ ಉದಾಹರಣೆ ಇದು ಅಂತ ಒಂದು ಮೆಸೇಜ್ ಓಡಾಡುತ್ತಿದೆ. ವಿಷಯ ಪೂರ್ತಿ ಉಲ್ಟಾ. 1957ರ 'ಸಿಂಟ್ಯಾಕ್ಟಿಕ್ ಸ್ಟ್ರಕ್ಚರ್ಸ್' ಪುಸ್ತಕದಲ್ಲಿ ಅವರು ಹೇಳಿದ್ದು, ಇದಕ್ಕೆ ಅರ್ಥವಿಲ್ಲ, ಆದರೆ ವ್ಯಾಕರಣ ಸರಿಯಾಗಿದೆ ಅಂತ. ಮೂಲ ವಾಕ್ಯದ ಅವೇ ಇಂಗ್ಲಿಷ್ ಪದಗಳನ್ನು ಹಿಂದುಮುಂದಾಗಿ ಜೋಡಿಸಿದ ಇನ್ನೊಂದು ಸಾಲನ್ನೂ ಜೊತೆಗೇ ಕೊಟ್ಟಿದ್ದಾರೆ. ವ್ಯಾಕರಣ ತಪ್ಪಿರುವುದು ಅದರಲ್ಲಿ. ಎರಡಕ್ಕೂ ಅರ್ಥವಿಲ್ಲ, ಆದರೂ ಮೊದಲನೆಯದು ಮಾತ್ರ ವಾಕ್ಯ ಅನಿಸುತ್ತದೆ. ಅಂದರೆ ವ್ಯಾಕರಣವನ್ನು ಅರ್ಥದಿಂದ ಅಳೆಯಲು ಬರುವುದಿಲ್ಲ ಎಂಬುದು ಅವರ ವಾದ.

ಕನ್ನಡದಲ್ಲೇ ನೋಡಿ. ಮೇಲಿನ ಸಾಲಿನ ಕೊನೆಗೆ 'ನಿದ್ರಿಸುತ್ತವೆ' ಬದಲು ಸುಮ್ನೆ 'ನಿದ್ರಿಸುತ್ತಾಳೆ' ಅಂತ ಹಾಕಿ. ತಕ್ಷಣ ಕಿವಿಗೆ ಚುಚ್ಚುತ್ತದೆ, ಅಲ್ವಾ? ಮೊದಲೇ ಅರ್ಥವಿಲ್ಲದ ಸಾಲು ಅದು!

ಆ ಮೆಸೇಜನ್ನು ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ.