ಸೆವಿಲ್ಲೆಗೆ ಹೊರಟ ಮಂಕಿಕ್ಯಾಪು

ಯುರೋಪು ಎಂದರೆ ಚಳಿ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಆಳಕ್ಕೆ ಬೇರು ಬಿಟ್ಟಿದೆಯೆಂದರೆ, ಅದನ್ನು ಅಲುಗಾಡಿಸಲು ಹವಾಮಾನ ಇಲಾಖೆಯಿಂದಲೂ ಆಗದು. ಇದರಲ್ಲಿ ಸಿನಿಮಾದವರ ಪಾಲು ದೊಡ್ಡದು. ಹಿಮದ ಮೇಲೆ ನಾಯಕಿಯನ್ನು ಷಿಫಾನ್ ಸೀರೆಯಲ್ಲಿ ಕುಣಿಸಿ, ನಾಯಕನಿಗೆ ಮಾತ್ರ ಕೋಟು, ಮಫ್ಲರ್ ತೊಡಿಸಿ, ಇಡೀ ಖಂಡವೇ ಹೀಗೆಂದು ನಂಬಿಸಿಬಿಟ್ಟರು. ಜುಲೈ ತಿಂಗಳಲ್ಲಿ ಸ್ಪೇನ್‌ಗೆ ಹೊರಟಿದ್ದೇವೆ ಎಂದಾಗ ಬಂಧುಬಳಗದವರು ಎಷ್ಟು ಖರ್ಚು, ಯಾವ ವಿಮಾನ ಎಂದೇನೂ ಕೇಳಲಿಲ್ಲ. ‘ಸ್ವೆಟರ್ ತೆಗೆದಿಟ್ಟುಕೊಂಡಿರಾ?’ ಎಂದೇ ಎಲ್ಲರೂ ಕೇಳಿದ್ದು.

ನಾವು ಹೊರಟಿದ್ದು ಸ್ಪೇನ್‌ನ ದಕ್ಷಿಣಕ್ಕೆ, ಆಂಡಲೂಸಿಯಾಕ್ಕೆ. ಅಲ್ಲಿನ ಸೆವಿಲ್ಲೆಯಲ್ಲಿ ಜುಲೈ ತಿಂಗಳ ಉಷ್ಣಾಂಶ 40 ಡಿಗ್ರಿ ದಾಟಿದರೆ ಯಾರೂ ಹುಬ್ಬೇರಿಸುವುದಿಲ್ಲ. ಪಕ್ಕದ ಕಾರ್ಡೋಬಾ ಪ್ರಾಂತ್ಯದ ಲಾ ರಾಂಬ್ಲಾ ಎಂಬ ಊರಿನಲ್ಲಿ 2021ರ ಆಗಸ್ಟ್‌ನಲ್ಲಿ 47.6 ಡಿಗ್ರಿ ಬಿಸಿಲು ಬಿದ್ದು, ಅದು ದೇಶದ ದಾಖಲೆಯಾಯಿತು. ನಮ್ಮಲ್ಲಿ ಚಂಡಮಾರುತಕ್ಕೆ ನಾಮಕರಣ ಮಾಡಿದರೆ ಸೆವಿಲ್ಲೆಯವರು ಬಿಸಿಗಾಳಿಗೇ ತೊಟ್ಟಿಲು ಕಟ್ಟಿದ್ದಾರೆ. 2022ರ ಜುಲೈನಲ್ಲಿ ಹುಟ್ಟಿದ ಚೊಚ್ಚಲ ಕೂಸಿಗೆ ಜೋಯಿ ಎಂದು ಹೆಸರಿಟ್ಟರು. ಇದನ್ನೆಲ್ಲ ಅತ್ತೆಯವರಿಗೆ ಓದಿ ಹೇಳಿದೆ. ಅವರು ಕನ್ನಡಕ ಸರಿಪಡಿಸಿಕೊಂಡು ಕೇಳಿದರು:

‘ಅಷ್ಟು ಬಿಸಿಲು ನೋಡಲು ಲಕ್ಷಗಟ್ಟಲೆ ಸುರಿದು ಅಲ್ಲಿಗೇಕೆ ಹೋಗಬೇಕು? ರಾಯಚೂರಿಗೆ ರಾತ್ರಿ ಬಸ್ಸು ಇದೆಯಲ್ಲ?’

ಉತ್ತರ ನನ್ನಲ್ಲಿರಲಿಲ್ಲ, ಈಗಲೂ ಇಲ್ಲ. ಆದರೆ ಬಿಸಿಲನ್ನು ಒಪ್ಪಿಕೊಂಡ ಮಾತ್ರಕ್ಕೆ ಚಳಿಯನ್ನು ಬಿಟ್ಟುಕೊಡುವ ಜಾಯಮಾನ ಅವರದಲ್ಲ. ಮಗನ ಕಂದುಬಣ್ಣದ ಮಂಕಿಕ್ಯಾಪು ನ್ಯಾಫ್ತಲಿನ್ ಗುಳಿಗೆಯ ವಾಸನೆಯೊಂದಿಗೆ ಸೂಟ್‌ಕೇಸ್ ಸೇರಿತು. ‘ಹೊರದೇಶ, ಹೇಳಲಿಕ್ಕಾಗದು’ ಎಂಬುದು ಅವರ ವಾದ. ಈ ಮಾತಿನ ಮುಂದೆ ಯಾವ ಥರ್ಮಾಮೀಟರ್ ನಿಲ್ಲುತ್ತದೆ?

ಸೂಟ್‌ಕೇಸನ್ನು ನಾವು ತುಂಬುತ್ತೇವೆ ಎಂದುಕೊಳ್ಳುವುದು ಶುದ್ಧ ಭ್ರಮೆ. ಅದನ್ನು ತುಂಬುವುದು ಮನೆಮಂದಿಯ ಭಯ. ಹಸಿವಿನ ಭಯ ಅವಲಕ್ಕಿಯಾಗಿ, ಕಳ್ಳರ ಭಯ ಬೀಗಗಳಾಗಿ, ಹೊಟ್ಟೆಯ ಭಯ ಓಮದ ಪುಡಿಯಾಗಿ ಒಂದೊಂದೇ ಮೂಲೆ ಹಿಡಿದು ಕೂರುತ್ತವೆ. ಉಳಿದ ಸಂದಿಯಲ್ಲಿ ಪ್ರಯಾಣಿಕರ ಬಟ್ಟೆ. ನಮ್ಮವರು ತೂಕದ ಯಂತ್ರದ ಮೇಲೆ ಸೂಟ್‌ಕೇಸನ್ನು ಅಪ್ಪಿಕೊಂಡು ಹತ್ತುವುದು, ಬಗ್ಗಿ ಅಂಕಿ ನೋಡಲು ಹೊಟ್ಟೆಯೂ ಪೆಟ್ಟಿಗೆಯೂ ಅಡ್ಡ ಬರುವುದು, ನಾನು ನೆಲಕ್ಕೆ ಮುಖವಿಟ್ಟು ಓದುವುದು, ಅದರಲ್ಲಿ ಅವರ ತೂಕ ಕಳೆಯುವುದು ಹೀಗೆ ರಾತ್ರಿಯೆಲ್ಲ ನಡೆಯಿತು. 23 ಕಿಲೋ ಮಿತಿ ಮೀರಿದಾಗಲೆಲ್ಲ ಹೊರಬಂದದ್ದು ನನ್ನ ಕುರ್ತಾ. ಅವಲಕ್ಕಿ ಅಲುಗಲಿಲ್ಲ.

ಬ್ಯಾಡಗಿ ಮೆಣಸಿನಕಾಯಿಯ ಸಾರಿನ ಪುಡಿಗೆ ನನ್ನ ಆಕ್ಷೇಪವಿರಲಿಲ್ಲ. ಮೆಣಸಿನಕಾಯಿ ಅಮೆರಿಕದಿಂದ ಸ್ಪೇನ್, ಪೋರ್ಚುಗಲ್‌ಗಳಿಗೆ ಬಂದು, ಪೋರ್ಚುಗೀಸರ ಹಡಗು ಹತ್ತಿ ನಮ್ಮ ಕರಾವಳಿಗೆ ಇಳಿದದ್ದಲ್ಲವೇ? ನಾನೂರು ವರ್ಷಗಳ ಮೇಲೆ ಹಾಗೊಮ್ಮೆ ಹೋಗಿಬರಲಿ. ಆದರೆ ಹಿತ್ತಿಲಿನ ಕರಿಬೇವನ್ನು ಒದ್ದೆ ಕಾಗದದಲ್ಲಿ ಸುತ್ತಿ ಸೀರೆಯ ಮಡಿಕೆಯಲ್ಲಿ ಅಡಗಿಸಿದ್ದನ್ನು ಮಾತ್ರ ನಾನು ಹೊರಗೆಳೆದೆ. ಕರಿಬೇವು ನಿಂಬೆ, ಕಿತ್ತಳೆಗಳ ದಾಯಾದಿ; ಕಿತ್ತಳೆ ತೋಟಗಳನ್ನು ಹಾಳುಗೆಡಹುವ ರೋಗವನ್ನು ಹರಡುವ ಪುಟ್ಟ ಕೀಟಕ್ಕೆ ಇದೂ ಪ್ರಿಯ. ಸೆವಿಲ್ಲೆಯ ಬೀದಿ ಬೀದಿಯಲ್ಲೂ ಕಹಿಕಿತ್ತಳೆಯ ಮರಗಳ ಸಾಲಿದೆ. ಅಂಥ ಊರಿಗೆ ಕರಿಬೇವು ಒಯ್ಯುವುದು ಶತ್ರುವಿನ ಕೈಗೆ ಕೀಲಿಕೈ ಕೊಟ್ಟಂತೆ. ತುಪ್ಪದ ಡಬ್ಬಿಯೂ ಮನೆಯಲ್ಲೇ ಉಳಿಯಿತು. ಹೊರಗಿನವರ ಹಾಲು, ತುಪ್ಪ, ಮಾಂಸವನ್ನು ಯುರೋಪಿನ ಒಕ್ಕೂಟ ಹೊಸ್ತಿಲೊಳಗೆ ಬಿಟ್ಟುಕೊಳ್ಳುವುದಿಲ್ಲ.

ಇಷ್ಟು ಜಾಲಾಡಿದರೂ ವಿಮಾನ ನಿಲ್ದಾಣದಲ್ಲಿ ನಮ್ಮ ಹೆಸರು ಕೂಗಿದರು. ಎಕ್ಸ್-ರೇ ಪರದೆಯ ಮೇಲೆ ದುಂಡಗಿನ ವಸ್ತುವೊಂದು ಕಾಣುತ್ತಿತ್ತು. ಪೆಟ್ಟಿಗೆ ಬಿಚ್ಚಿದರೆ ತಿಪಟೂರಿನ ಕೊಬ್ಬರಿ ಗಿಟುಕು; ಪ್ರಯಾಣ ಶುಭವಾಗಲಿ ಎಂದು ಅತ್ತೆ ಕಾಲುಚೀಲದೊಳಗೆ ತುರುಕಿದ್ದರು. ಒಣಕೊಬ್ಬರಿಯಲ್ಲಿ ಎಣ್ಣೆಯಂಶ ಹೆಚ್ಚು, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು ಎಂದು ವಿಮಾನದಲ್ಲಿ ಅದಕ್ಕೆ ನಿಷೇಧ. ಸಿಬ್ಬಂದಿ ಅದನ್ನು ಎತ್ತಿಟ್ಟುಕೊಳ್ಳುವಾಗ ನಮ್ಮವರ ಮುಖ ನೋಡಬೇಕಿತ್ತು, ಪ್ರಯಾಣದ ಶುಭವನ್ನೇ ಜಪ್ತಿ ಮಾಡಿದ ಹಾಗಿತ್ತು.

ಮುಂದಿನ ಕಟ್ಟೆಯಲ್ಲಿ ಅವರ ಕೈಚೀಲದಿಂದ ಅಪ್ಪೆಮಿಡಿ ಉಪ್ಪಿನಕಾಯಿಯ ಸೀಸೆ ಹೊರಬಿತ್ತು. ಕೈಚೀಲದಲ್ಲಿ ದ್ರವಪದಾರ್ಥ 100 ಮಿಲಿಲೀಟರ್ ಮೀರಬಾರದು.

‘ಮಿಡಿ ಘನವಸ್ತು ಸ್ವಾಮಿ’ ಎಂದರು ಇವರು.

ಭದ್ರತಾ ಅಧಿಕಾರಿ ಮಾತನಾಡಲಿಲ್ಲ. ಸೀಸೆಯನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓರೆ ಮಾಡಿದರು. ಕೆಂಪು ರಸ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಯಿತು. ಮಿಡಿಗಳು ಸುಮ್ಮನೆ ಅದರ ಹಿಂದೆ ಹೋದವು. ವಾದ ಅಲ್ಲಿಗೆ ಮುಗಿಯಿತು. ಅಧಿಕಾರಿ ಕನ್ನಡದವರೇ, ಮುಚ್ಚಳ ತೆಗೆಯದೆಯೇ ‘ಸಾಗರದ ಕಡೆಯದೇ?’ ಎಂದು ವಿಚಾರಿಸಿದ್ದು ಗಾಯದ ಮೇಲೆ ಉಪ್ಪಿನ ಜೊತೆ ಕಾಯಿಯನ್ನೂ ಇಟ್ಟಂತಾಯಿತು.

ಮ್ಯಾಡ್ರಿಡ್‌ನಿಂದ ಸೆವಿಲ್ಲೆಗೆ ಅತಿವೇಗದ ರೈಲು. 1992ರ ವಿಶ್ವ ಮೇಳಕ್ಕೆಂದು ಹಾಕಿದ ಹಳಿ, ಎರಡೂವರೆ ಗಂಟೆಯ ದಾರಿ. ಬೋಗಿಯೊಳಗಿನ ಏಸಿ ಎಂಥದ್ದೆಂದರೆ, ನಮ್ಮವರು ಸೀಟಿನಲ್ಲಿ ಮುದುಡಿ, ಕೊನೆಗೆ ನನ್ನ ಕಣ್ಣು ತಪ್ಪಿಸಿ ಮಂಕಿಕ್ಯಾಪು ಹಾಕಿಕೊಂಡರು. ಹಾಕಿಕೊಂಡವರು ನಿದ್ದೆಹೋದರು. ಊರು ಬಂದಾಗ ಗಡಿಬಿಡಿಯಲ್ಲಿ ಹಾಗೆಯೇ ಇಳಿದರು. ಸಂಜೆ ಆರರ ಸುಡುಬಿಸಿಲಿಗೆ, ಕಿವಿ ಮುಚ್ಚಿದ ಉಣ್ಣೆಯ ಟೋಪಿಯಲ್ಲಿ ಇಳಿದ ಮನುಷ್ಯನನ್ನು ಸೆವಿಲ್ಲೆಯ ಟ್ಯಾಕ್ಸಿಯವರು ಗೌರವದಿಂದ ನೋಡಿದರು. ನಾನು ಫೋಟೊ ತೆಗೆದೆ. ಅತ್ತೆಗೆ ಕಳುಹಿಸಬಾರದಿತ್ತು, ‘ನಾನು ಹೇಳಿರಲಿಲ್ಲವೇ’ ಎಂದು ಬೀದಿಯವರಿಗೆಲ್ಲ ತೋರಿಸಿದರಂತೆ.

ಆ ಊರಿಗೆ ಏನು ಬೇಕು ಎಂದು ಈಗ ಯಾರಾದರೂ ಕೇಳಿದರೆ ಮೊದಲು ಹೇಳುವುದು: ಚಕ್ರದ ಪೆಟ್ಟಿಗೆಯನ್ನು ನಂಬಬೇಡಿ. ಹಳೆಯ ಓಣಿಗಳಲ್ಲಿ ಟ್ಯಾಕ್ಸಿ ಒಳಗೆ ಬರುವುದಿಲ್ಲ, ನೆಲಕ್ಕೆಲ್ಲ ಉರುಟುಗಲ್ಲು. ನಮ್ಮ ಪೆಟ್ಟಿಗೆಯ ಚಕ್ರವೊಂದು ಕಳಚಿ ಇಳಿಜಾರಿನಲ್ಲಿ ಹೋಟೆಲನ್ನು ನಮಗಿಂತ ಮೊದಲೇ ಮುಟ್ಟಿತು. ಎರಡನೆಯದು ಪಂಚೆ. ಹೊಸ ಜೀನ್ಸ್ ಕೊಂಡು ಬಂದ ನಮ್ಮವರು ಮಧ್ಯಾಹ್ನದ ಹೊತ್ತು ಕೋಣೆಯಲ್ಲಿ ಪಂಚೆಯುಟ್ಟು ಕುಳಿತ ಮೇಲೆಯೇ ಮನುಷ್ಯರಾದದ್ದು. ಎರಡರಿಂದ ಐದರವರೆಗೆ ಎಷ್ಟೋ ಅಂಗಡಿಗಳು ಕದವಿಕ್ಕಿಕೊಳ್ಳುತ್ತವೆ, ಜನ ಮಲಗುತ್ತಾರೆ. ಬುದ್ಧಿವಂತರು.

ಅವಲಕ್ಕಿಯ ವಿಷಯದಲ್ಲಿ ಅತ್ತೆಗೇ ಜಯ. ಭೂಪಟದ ಪ್ರಕಾರ ಸ್ಪೇನ್ ಲಂಡನ್ನಿನ ಗಡಿಯಾರ ಇಟ್ಟುಕೊಳ್ಳಬೇಕು. 1940ರಿಂದ ಅದು ಬರ್ಲಿನ್ನಿನ ಗಡಿಯಾರಕ್ಕೆ ಅಂಟಿಕೊಂಡಿದೆ. ಹಾಗಾಗಿ ಬೇಸಿಗೆಯಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತೂವರೆ ದಾಟಿರುತ್ತದೆ, ಊಟ ಅದರ ಆಚೀಚೆಗೆ. ಎಂಟಕ್ಕೆ ಕೈತೊಳೆದು ರೂಢಿಯಾದ ಮೈಸೂರಿನ ಹೊಟ್ಟೆ ಅಲ್ಲಿಯವರೆಗೆ ಏನು ಮಾಡಬೇಕು? ಊಟ ಬಂದರೂ ಗಂಡಾಂತರ ತಪ್ಪಿದ್ದಲ್ಲ. ಸಾಲ್ಮೊರೆಹೊ ಎಂಬ ತಣ್ಣನೆಯ ಟೊಮೆಟೊ ಗೊಜ್ಜು ಬಲು ರುಚಿ, ಆದರೆ ಅದರ ಮೇಲೆ ಮೊಟ್ಟೆ, ಹಂದಿಮಾಂಸದ ಚೂರು ಉದುರಿಸಿಯೇ ತರುವುದು ವಾಡಿಕೆ. ಯಾವುದೆಲ್ಲ ಬೇಡವೆಂದು ಸ್ಪ್ಯಾನಿಷ್‌ನಲ್ಲಿ ಬರೆಸಿದ ಒಂದು ಚೀಟಿ ಜೇಬಿನಲ್ಲಿರಲಿ, ಸ್ವೆಟರಿಗಿಂತ ಹಗುರ.

ನನ್ನ ಮಡಿಸುವ ಕಪ್ಪು ಕೊಡೆಯನ್ನು ಬಿಸಿಲಿಗೆ ಬಿಚ್ಚಿದಾಗ ಜನ ಆಕಾಶ ನೋಡಿದರು, ಮಳೆಯಿರಬೇಕೆಂದು. ಅವರ ಅಸ್ತ್ರ ಬೀಸಣಿಗೆ. ಬಸ್ಸಿನಲ್ಲಿ ಅಜ್ಜಿಯೊಬ್ಬರು ಮಣಿಕಟ್ಟಿನ ಒಂದೇ ಕೊಡವಿಕೆಗೆ ‘ಟಪ್’ ಎಂದು ಬಿಚ್ಚಿ, ಎದೆಯ ಬಳಿ ಸಣ್ಣಗೆ ಬೀಸಿ, ಮಾತಿನ ನಡುವೆ ಮತ್ತೆ ‘ಟಪ್’ ಎಂದು ಮುಚ್ಚುವುದನ್ನು ನೋಡಿ ನಾನೂ ಒಂದು ಕೊಂಡೆ. ‘ಯಕ್ಷಗಾನಕ್ಕೇನು?’ ಎಂದು ನಕ್ಕ ನಮ್ಮವರು ಮರುದಿನ ಬೆಳಗ್ಗೆಯಿಂದ ಅದನ್ನು ನನ್ನ ಕೈಗೆ ಕೊಡಲಿಲ್ಲ.

ಇನ್ನು ಕಳ್ಳರ ಭಯ. ಯುರೋಪಿನ ಜೇಬುಗಳ್ಳರ ಕಥೆ ಕೇಳಿದ್ದ ಅತ್ತೆ ಮಗನಿಗಾಗಿ ಖಾದಿ ಬಟ್ಟೆಯ ಸೊಂಟದ ಚೀಲ ಹೊಲಿದಿದ್ದರು, ಅಂಗಿಯೊಳಗೆ ಲಾಡಿಯಿಂದ ಬಿಗಿಯುವಂಥದ್ದು. ಪಾಸ್‌ಪೋರ್ಟುಗಳು ಅದರೊಳಗೆ. ಗ್ರಾನಾಡಾ ಊರಿನ ಆಲ್ಹಂಬ್ರಾ ಎಂಬ ಹಳೆಯ ಕೋಟೆ-ಅರಮನೆಗೆ ಟಿಕೆಟ್ ಹೆಸರಿನ ಮೇಲೆ ಕೊಡುತ್ತಾರೆ. ಅಸಲಿ ಪಾಸ್‌ಪೋರ್ಟ್ ತೋರಿಸಬೇಕು. ಒಳಗಿನ ನಸ್ರಿದ್ ಅರಮನೆಗಳಿಗಂತೂ ಟಿಕೆಟ್ಟಿನಲ್ಲಿ ನಮೂದಿಸಿದ ಹೊತ್ತಿಗೇ ಹೋಗಬೇಕು, ತಪ್ಪಿದರೆ ತಪ್ಪಿತು. ಅಂಥ ಬಾಗಿಲ ಮುಂದೆ ನಮ್ಮವರು ಅಂಗಿ ಎತ್ತಿ ಲಾಡಿ ಎಳೆದರು. ಬೆವರಿಗೆ ನೆನೆದ ಗಂಟು ಕಗ್ಗಂಟಾಗಿತ್ತು. ಅವರು ಎಳೆದರು, ನಾನು ಎಳೆದೆ, ಬಾಗಿಲಿನವನು ಗಡಿಯಾರ ನೋಡಿದ. ಹಲ್ಲಿನಿಂದ ಕಚ್ಚಿ ಬಿಚ್ಚೋಣವೆಂದರೆ ಗಂಟಿರುವ ಜಾಗ ಅಂಥದ್ದಲ್ಲ. ಸಾಲಿನಲ್ಲಿ ಹಿಂದಿದ್ದ ವೃದ್ಧೆಯೊಬ್ಬರು ತಮ್ಮ ಬೀಸಣಿಗೆಯನ್ನು ನನ್ನ ಕೈಗಿತ್ತು, ತುರುಬಿನಿಂದ ಪಿನ್ನು ಕಿತ್ತು, ಗಂಟಿನ ನಡುವೆ ತೂರಿಸಿ, ಏನನ್ನೋ ಗೊಣಗುತ್ತ ಬಿಚ್ಚಿಯೇಬಿಟ್ಟರು. ಅವರೇನೆಂದರೋ, ಸಾಲಿಗೆ ಸಾಲೇ ನಕ್ಕಿತು. ಬಾಗಿಲಿನವನು ತೊಯ್ದು ಮೆತ್ತಗಾದ ಪಾಸ್‌ಪೋರ್ಟನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ಒಳಗೆ ಬಿಟ್ಟ.

ಅಂದು ರಾತ್ರಿ ಫೋನಿನಲ್ಲಿ ನಮ್ಮವರು ತಾಯಿಯ ಮೇಲೆ ರೇಗಿದರು. ಅವರು ಎಲ್ಲವನ್ನೂ ಕೇಳಿಸಿಕೊಂಡು, ಫೋನನ್ನು ನನಗೆ ಕೊಡಲು ಹೇಳಿ, ತಣ್ಣಗೆ ಅಂದರು:

‘ಕಟ್ಟಿಕೊಂಡವನಿಗೇ ಬಿಚ್ಚಲಾಗದ ಗಂಟನ್ನು ಕಳ್ಳ ಬಿಚ್ಚುತ್ತಾನೇನೆ?’