ಆಗಸ್ಟ್ 27ಕ್ಕೆ ಎರಡು ಚಂದ್ರ ಕಾಣುತ್ತಾ?

‘ಆಗಸ್ಟ್ 27ರ ರಾತ್ರಿ ಮಂಗಳ ಗ್ರಹ ಹುಣ್ಣಿಮೆ ಚಂದ್ರನಷ್ಟೇ ದೊಡ್ಡದಾಗಿ ಕಾಣುತ್ತದೆ, ತಪ್ಪದೆ ನೋಡಿ’ ಎಂಬ ಸಂದೇಶ ನಿಮಗೂ ಬಂದಿರಬಹುದು. ಅದು ಸುಳ್ಳು. ಹಾಗಂತ ಸುಮ್ನೆ ಹುಟ್ಟಿದ್ದೂ ಅಲ್ಲ.

2003ರ ಆಗಸ್ಟ್ 27ರಂದು ಮಂಗಳ ನಿಜಕ್ಕೂ ಭೂಮಿಗೆ ಹತ್ತಿರ ಬಂದಿತ್ತು. ಸುಮಾರು 60 ಸಾವಿರ ವರ್ಷಗಳಲ್ಲಿ ಅಷ್ಟು ಹತ್ತಿರ ಬಂದಿರಲಿಲ್ಲ. ಹತ್ತಿರ ಅಂದರೂ ಸುಮಾರು 5.6 ಕೋಟಿ ಕಿಲೋಮೀಟರ್! ಚಂದ್ರ ಇರುವುದು ಸರಾಸರಿ 3.84 ಲಕ್ಷ ಕಿಲೋಮೀಟರ್ ದೂರದಲ್ಲಿ. ಮಂಗಳದ ಅಗಲ ಚಂದ್ರನ ಎರಡರಷ್ಟಿದ್ದರೂ, ಅಷ್ಟು ದೂರದಿಂದ ಬರಿಗಣ್ಣಿಗೆ ಅದು ಹೊಳೆಯುವ ಕೆಂಪು ಚುಕ್ಕಿ ಅಷ್ಟೇ.

ಆಗ ಹರಿದಾಡಿದ ಇಮೇಲ್‌ನಲ್ಲಿ ‘75 ಪಟ್ಟು ಹಿಗ್ಗಿಸಿ ತೋರಿಸುವ ಟೆಲಿಸ್ಕೋಪಿನಲ್ಲಿ’ ಎಂಬ ಮಾತೂ ಇತ್ತು. ಫಾರ್ವರ್ಡ್ ಆಗುತ್ತಾ ಆಗುತ್ತಾ ಆ ಟೆಲಿಸ್ಕೋಪು ಉದುರಿಹೋಯಿತು, ಜೊತೆಗೆ ಇಸವಿಯೂ.