ಹುಲ್ಲುಹಾಸಿಗೆ ನೀರೆಲ್ಲಿಂದ ತರೋದು?

ಮನೆ ಮುಂದೆ ಒಪ್ಪವಾಗಿ ಕತ್ತರಿಸಿದ ಹುಲ್ಲುಹಾಸು ಇರಬೇಕು, ಕಳೆ ಬೆಳೆಸಿಕೊಂಡವರು ಸೋಮಾರಿಗಳು ಅಂತ ಬರೆದಿದ್ದೀರಿ. ರಾಯಚೂರಿಗೆ ಈ ಮಾತು ಒಗ್ಗಲ್ಲ ಸರ್. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತೆ. ಚದರ ಮೀಟರಿಗೆ ದಿನಕ್ಕೆ 5 ಲೀಟರ್ ಅಂತ ಹಿಡಿದರೂ 20 ಚದರ ಮೀಟರ್ ಹುಲ್ಲಿಗೆ 100 ಲೀಟರ್ ಬೇಕು. ನಮ್ಮ ಓಣಿಯಲ್ಲಿ ಬೇಸಿಗೆಗೆ ನಳ ಮೂರು ದಿನಕ್ಕೊಮ್ಮೆ. ಕೊಡ ಸಾಲಾಗಿಟ್ಟು ಕಾಯೋರ ಎದುರಿಗೆ ಹುಲ್ಲಿಗೆ ಪೈಪ್ ಹಿಡಿಯೋಕೆ ನನಗೆ ಮನಸ್ಸಾಗಲ್ಲ.

ನಮ್ಮವ್ವ ಕಸಬರಿಗೆಯ ಗೆರೆ ಮೂಡೋ ಹಂಗೆ ಅಂಗಳ ಗುಡಿಸಿ, ಸೆಗಣಿ ಸಾರಿಸಿ ರಂಗೋಲಿ ಹಾಕೋಳು. ಅದೇ ಅವ್ವ ಹಿತ್ತಲ ಗೋಡೆ ಬುಡದ ತುಂಬೆ ಗಿಡ ಕೀಳೋಕೆ ಬಿಡ್ತಿರಲಿಲ್ಲ. ತುಂಬೆ ಹೂ ಶಿವನಿಗೆ, ಗರಿಕೆ ಗಣಪನಿಗೆ. ಈಗಲೂ ಮಳೆಗಾಲದ ಬೆಳಿಗ್ಗೆ ಆ ಬಿಳಿ ಹೂವಿನ ಮೇಲೆ ಪುಟ್ಟ ಚಿಟ್ಟೆಗಳು ಕೂತಿರ್ತಾವೆ. ಅದನ್ನ ಹೊಲಸು ಅಂದರೆ ನನಗೆ ನಿಜವಾಗಲೂ ನೋವಾಗುತ್ತೆ.

ಕಾಂಗ್ರೆಸ್ ಕಸದ ಬಗ್ಗೆ ನೀವು ಬರೆದದ್ದು ಮಾತ್ರ ಸರಿ. ಮೈ ತುರಿಕೆ, ಉಬ್ಬಸ ತರೋ ಗಿಡ ಅದು. ಕೈಗೆ ಚೀಲ ಸುತ್ತಿಕೊಂಡು, ಹೂ ಬಿಡೋದರೊಳಗೆ ಬೇರು ಸಮೇತ ಕಿತ್ತು ಹಾಕಬೇಕು. ಹಳೇ ಟೈರು, ಒಡೆದ ಕುಂಡದಲ್ಲಿ ನೀರು ನಿಲ್ಲೋಕೂ ಬಿಡಬಾರದು, ಡೆಂಗಿ ಸೊಳ್ಳೆ ಮೊಟ್ಟೆ ಇಡೋದೇ ಅಲ್ಲಿ. ಪಕ್ಕದ ಮನೆಯವರು ಇವಕ್ಕೆ ತಕರಾರು ಮಾಡಿದರೆ ಒಪ್ಪುತ್ತೀನಿ, ತುಂಬೆಗಲ್ಲ.